ಗಾಜಿನ ಬುಡ್ಡಿ ಹಿಡಿದವನು

ಗ್ರೀನ್‌ಫರ್ಡ್
ಲಂಡನ್, ೯ ಮಾರ್ಚ್ ೨೦೨೪

ಪ್ರೀತಿಯ ವಿಜಯಾ,

ನೀನೂ ಮನೆಯವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಬರೆದ ನಿನ್ನ ಕಾಗದಕ್ಕೆ ಯುಗಾದಿ ಬಾಗಿಲಿಗೆ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ತಪ್ಪು ನನ್ನದೇ. ‘ಫೋನ್ ಇಲ್ಲೇನ್ರಿ ವೈನಿ’ ಅನ್ನುತ್ತೀ, ಗೊತ್ತು. ಫೋನಿನಲ್ಲಿ ನಿನ್ನ ಅಣ್ಣನ, ನಮ್ಮ ಯಜಮಾನರ, ಹೆಸರು ಬಂದರೆ ನೀನು ಅಳುತ್ತೀ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಈ ಸಲದ ಸಂಗತಿ ಹಾಗೆ ಉಳಿಯಬಾರದು.

ನೀನು ಕಳಿಸಿದ ಶೇಂಗಾ ಹಿಂಡಿ ಚಟ್ನಿಪುಡಿಯಲ್ಲಿ ಅರ್ಧ ಮಗಳು ಬೃಂದಾ ಹೊತ್ತುಕೊಂಡು ಹೋದಳು. ನನ್ನ ಮೊಣಕಾಲು ಹಾಗೇ ಇದೆ. ಇಲ್ಲಿಯ ಡಾಕ್ಟರನ್ನು ಕೇಳಿದರೆ ನಡೀರಿ ಅನ್ನುತ್ತಾನೆ, ಫಿಸಿಯೋವನ್ನು ಕೇಳಿದರೆ ಕೂತಿರಿ ಅನ್ನುತ್ತಾಳೆ. ನಾನು ಎರಡೂ ಬಿಟ್ಟು ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಮ್ಯೂಸಿಯಂಗೆ ಹೋಗುತ್ತೇನೆ. ಲೈಬ್ರರಿಯ ಹಳೆಯ ಕಾಗದಪತ್ರಗಳ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಮನೆಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ಇಲ್ಲಿಯ ನಗರಸಭೆ, ಕೌನ್ಸಿಲ್‌ನವರ ಪುಟ್ಟ ಮ್ಯೂಸಿಯಂ ಅದು, ಸಂಬಳವಿಲ್ಲ, ಚಹಾ ಇದೆ. ನೋಡಿಕೊಳ್ಳುವವಳು ಪ್ರಾಚಿ ಎಂಬ ಹುಡುಗಿ. ಅಪ್ಪ ಅಮ್ಮ ಬೆಂಗಳೂರಿನವರು, ಅವಳು ಹುಟ್ಟಿದ್ದು ಕ್ರೋಯ್ಡನ್‌ನಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಲ್ಲಿ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆದರೂ ‘ಆಂಟಿ’ ಎಂದು ಕರೆಯುವಾಗ ಆ ಒಂದು ಪದದಲ್ಲಿ ಬಸವನಗುಡಿ ಕೇಳಿಸುತ್ತದೆ.

ಜನವರಿಯಲ್ಲಿ ಪ್ರಾಚಿ ಕುಣಿಯುತ್ತಾ ಬಂದಳು. “ಆಂಟಿ, ದೊಡ್ಡ ಡೊನೇಷನ್! ಒಂದು ಪೋರ್ಟ್ರೇಟ್, ಜೊತೆಗೆ ಇಡೀ ಒಂದು ರೂಮಿಗೆ ದುಡ್ಡು. ರೂಮಿಗೆ ಅವರ ಹೆಸರಿಡಬೇಕು ಅಷ್ಟೇ. ನೀವು ಅದರ ಪ್ರಾವನೆನ್ಸ್ ನೋಡಿಕೊಡ್ತೀರಾ?” ಅಂದರೆ ಚಿತ್ರ ಯಾರ ಕೈಯಿಂದ ಯಾರ ಕೈಗೆ ಬಂತು, ಯಾರ ಮನೆಯ ಗೋಡೆಯಲ್ಲಿತ್ತು ಎಂಬ ಚರಿತ್ರೆ ಬರೆದುಕೊಡಬೇಕು. ಕೊಟ್ಟವರು ಯಾರಮ್ಮ ಎಂದೆ.

“ಒಬ್ಬರು ರಿಟೈರ್ಡ್ ಸರ್ಜನ್. ಎಡ್ಮಂಡ್ ಹ್ಯಾಲರ್ಟನ್.”

ವಿಜಯಾ, ಅದೇ ಹ್ಯಾಲರ್ಟನ್. ಚಹಾ ಕುಡಿದು ಮುಗಿಸಿ, ‘ಸರಿ, ಮಾಡ್ತೀನಿ’ ಎಂದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಬರೆದರೆ ನನ್ನ ಕೋಪಕ್ಕೆ ಬಲ ಬರುತ್ತದೆ. ೧೯೯೧ರಲ್ಲಿ ನಿನ್ನ ಅಣ್ಣ ಹ್ಯಾಲರ್ಟನ್ ಕೈಕೆಳಗೆ ರಿಜಿಸ್ಟ್ರಾರ್, ಅಂದರೆ ಕಿರಿಯ ಸರ್ಜನ್. ಒಂದು ಶನಿವಾರ ಬೆಳಿಗ್ಗೆ ಹ್ಯಾಲರ್ಟನ್ ಒಬ್ಬ ಹೆಂಗಸಿನ ಪಿತ್ತಕೋಶದ ಆಪರೇಷನ್ ಮಾಡಿ, ಹೊಲಿಗೆ ಹಾಕುವ ಕೆಲಸ ಇವರಿಗೆ ಬಿಟ್ಟು, ಯಾರದೋ ಮನೆಯ ತೋಟದ ಊಟಕ್ಕೆ ಹೋದ. ಮಧ್ಯಾಹ್ನ ಆಕೆಗೆ ಒಳಗೇ ರಕ್ತ ಸೋರತೊಡಗಿತು. ಇವರು ಮೂರು ಸಲ ಫೋನ್ ಮಾಡಿಸಿದರು. ಅವನು ‘ಕಾಯ್ದು ನೋಡು, ನಾನು ಬರುವ ತನಕ ಹೊಟ್ಟೆ ತೆರೆಯಬೇಡ’ ಎಂದ, ಬರಲಿಲ್ಲ. ಕಡೆಗೆ ಇವರೇ ಹೊಟ್ಟೆ ತೆರೆದಾಗ ತಡವಾಗಿತ್ತು. ಆಕೆ ಸಂಜೆ ತೀರಿಕೊಂಡಳು. ವಿಚಾರಣೆಯಲ್ಲಿ ಹ್ಯಾಲರ್ಟನ್, ತನಗೆ ಯಾರೂ ಹೊತ್ತಿಗೆ ಸರಿಯಾಗಿ ತಿಳಿಸಲೇ ಇಲ್ಲ ಎಂದ. ‘ನಮ್ಮ ಮನೆತನದಲ್ಲಿ ಇನ್ನೂರು ವರ್ಷಗಳಿಂದ ವೈದ್ಯರಿದ್ದೇವೆ, ಇಂಥ ನಿರ್ಲಕ್ಷ್ಯ ನಮ್ಮ ರಕ್ತದಲ್ಲೇ ಇಲ್ಲ’ ಎಂದ. ಆಮೇಲೆ ಒಂದು ಹೇಳಿಕೆ ಟೈಪ್ ಮಾಡಿಸಿ ನಿನ್ನ ಅಣ್ಣನ ಮುಂದಿಟ್ಟರು. ‘ಸೀನಿಯರ್‌ಗೆ ತಿಳಿಸುವಲ್ಲಿ ನಾನು ತಡಮಾಡಿದೆ’ ಎಂದು. ಸಹಿಯಾಯಿತು. ಅಲ್ಲಿಂದ ಮುಂದೆ ಯಾವ ಆಸ್ಪತ್ರೆಯೂ ಅವರ ಕೈಗೆ ಕತ್ತರಿ ಕೊಡಲಿಲ್ಲ. ಕ್ರೋಯ್ಡನ್‌ನ ಒಂದು ಆಫೀಸಿನಲ್ಲಿ ಇನ್ಶೂರೆನ್ಸ್‌ನವರಿಗಾಗಿ ಜನರ ಎತ್ತರ, ತೂಕ, ರಕ್ತದೊತ್ತಡ ನೋಡುತ್ತಾ ಹನ್ನೆರಡು ವರ್ಷ ಕಳೆದರು. ಐವತ್ತಮೂರಕ್ಕೆ ಎದೆ ನಿಂತಿತು.

ಇನ್ನೂರು ವರ್ಷದ ವೈದ್ಯರು ಎಂದನಲ್ಲ, ಅದರ ಪುರಾವೆಯೇ ಈ ಚಿತ್ರ. ಅವನ ಕನ್ಸಲ್ಟಿಂಗ್ ರೂಮಿನಲ್ಲಿ ತೂಗುಹಾಕಿತ್ತಂತೆ. ನಿನ್ನ ಅಣ್ಣ ನನಗೆ ವರ್ಣಿಸಿದ್ದರು: ಕಂದು ಕೋಟು, ಬಿಳಿ ಟೋಪನ್ ಕೂದಲು, ಬಲಗೈಯಲ್ಲಿ ಗಾಜಿನ ಬುಡ್ಡಿ, ಅದರಲ್ಲಿ ಹಳದಿ ದ್ರವ. ಬುಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿರುವ ದಪ್ಪ ಮನುಷ್ಯ. ಕೆಳಗೆ ಹಳದಿ ಅಕ್ಷರ: ‘ಡಾ. ಆಂಬ್ರೋಸ್ ಹ್ಯಾಲರ್ಟನ್, ಅರಸರ ವೈದ್ಯ, ೧೭೬೮’. ಹೊಸದಾಗಿ ಬಂದ ಭಾರತದ ಡಾಕ್ಟರುಗಳನ್ನು ಅದರ ಮುಂದೆ ನಿಲ್ಲಿಸಿ, ‘ನನ್ನ ಮುತ್ತಾತನ ಮುತ್ತಾತ. ರೋಗಿಯ ಮೂತ್ರ ಪರೀಕ್ಷೆ ಮಾಡುತ್ತಿದ್ದಾರೆ. ನಿಮ್ಮ ಕಡೆ ಆಗ ಏನು ನಡೆಯುತ್ತಿತ್ತು?’ ಎಂದು ಕೇಳಿ ನಗುತ್ತಿದ್ದನಂತೆ.

ಚಿತ್ರ ಬಂತು. ಮೊದಲು ನಾನು ಅದರ ಮುಖ ನೋಡಲಿಲ್ಲ, ಬೆನ್ನು ನೋಡಿದೆ. ಚಿತ್ರದ ನಿಜವಾದ ಕಥೆ ಯಾವಾಗಲೂ ಹಿಂದುಗಡೆಯ ಕಟ್ಟಿಗೆಯ ಮೇಲಿರುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ೨೧೨ ಎಂದಿತ್ತು, ಪಕ್ಕದಲ್ಲಿ ಅರ್ಧ ಹರಿದ ಚೀಟಿ. ಆ ಚೀಟಿಯ ನೀಲಿ ಅಂಚು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇದು ಐಸಲ್‌ವರ್ತ್ ಕಡೆ ಹಳೆಯ ಮನೆಗಳ ಸಾಮಾನು ಹರಾಜು ಹಾಕುತ್ತಿದ್ದವರದು. ಅವರ ಕ್ಯಾಟಲಾಗುಗಳನ್ನು ನಾನೇ ಧೂಳು ಕೊಡವಿ ಪೆಟ್ಟಿಗೆಗಳಿಗೆ ತುಂಬಿದ್ದೆ.

ಮೂರು ವಾರ ಹುಡುಕಿದೆ. ಫೆಬ್ರವರಿಯ ಒಂದು ಮಂಗಳವಾರ ಸಿಕ್ಕಿತು. ೧೯೫೩ರ ಮೇ ತಿಂಗಳು, ನದಿಯ ದಂಡೆಯ ಒಂದು ಮನೆ, ವಾರಸುದಾರರಿಲ್ಲದೆ ತೀರಿಕೊಂಡ ಮುದುಕಿಯ ಸಾಮಾನು. ೨೧೨ನೆಯ ಸಾಲು: ‘ಈ ಊರಿನ ವಿನೆಗರ್ ತಯಾರಕ ಶ್ರೀ ಥಾಮಸ್ ಪೆಲ್ ಅವರ ಚಿತ್ರ, ಕೈಯಲ್ಲಿ ಬುಡ್ಡಿ’. ಅಂಚಿನಲ್ಲಿ ಗುಮಾಸ್ತನ ಪೆನ್ಸಿಲ್ಲು, ಕೊಂಡವರ ಹೆಸರು: ‘ಹ್ಯಾಲರ್ಟನ್’.

ಅವನಪ್ಪ ಹರಾಜಿನಲ್ಲಿ ತಾತನನ್ನು ಕೊಂಡುತಂದಿದ್ದ, ವಿಜಯಾ! ಬುಡ್ಡಿಯಲ್ಲಿರುವುದು ರಾಜನ ಮೂತ್ರವಲ್ಲ, ಉಪ್ಪಿನಕಾಯಿಗೆ ಹಾಕುವ ವಿನೆಗರ್! ಓದುವ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಅಲ್ಲಿಗೇ ನಿಲ್ಲಿಸಲಿಲ್ಲ. ಪೆಲ್‌ನ ಉಯಿಲು ತೆಗೆಸಿದೆ. ಮಕ್ಕಳಿಲ್ಲದ ಆತ ‘ಬುಡ್ಡಿ ಹಿಡಿದ ನನ್ನ ಚಿತ್ರ’ವನ್ನು ತಂಗಿಯ ಮಗಳಿಗೆ ಬಿಟ್ಟಿದ್ದಾನೆ. ಆ ಮುದುಕಿಯ ಮನೆಯವರೆಗೆ ಪ್ರತಿ ಕೈಯೂ ಸಿಕ್ಕಿದೆ. ಹ್ಯಾಲರ್ಟನ್ನರನ್ನೂ ಹುಡುಕಿದೆ. ಎಡ್ಮಂಡನ ತಾತ ಹ್ಯಾನ್‌ವೆಲ್‌ನಲ್ಲಿ ಕೊಡೆ ರಿಪೇರಿ ಅಂಗಡಿ ಇಟ್ಟಿದ್ದ. ಅಪ್ಪ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಓದಿ, ಸ್ಕಾಲರ್‌ಶಿಪ್ ಪಡೆದು, ಆ ಮನೆಯ ಮೊದಲ ಡಾಕ್ಟರ್ ಆದ. ನಿನ್ನ ಅಣ್ಣನಂತೆಯೇ. ಅದನ್ನು ಓದಿದಾಗ ಒಂದು ಕ್ಷಣ ನನ್ನ ಕೈ ತಡೆಯಿತು. ಹೇಳಿಕೊಂಡು ತಿರುಗಬಹುದಾದ ಹೆಮ್ಮೆಯನ್ನು ಆ ಮನುಷ್ಯ ಮುಚ್ಚಿಟ್ಟು, ಮತ್ತೊಬ್ಬರ ಮುಖಕ್ಕೆ ತನ್ನ ಹೆಸರು ಬರೆಸಿದನಲ್ಲ! ಆಮೇಲೆ ಮಗ ಅದೇ ಮುಖ ತೋರಿಸಿ ನಮ್ಮವರನ್ನು ಸಣ್ಣವರನ್ನಾಗಿ ಮಾಡಿದ್ದು ನೆನಪಾಯಿತು. ಕೈ ಮತ್ತೆ ಓಡಿತು.

ಈಗ ಕೇಳು. ನಾನು ಇದನ್ನು ಪ್ರಾಚಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವಳು ಅವನಿಗೆ ಒಂದು ಸಭ್ಯ ಇಮೇಲ್ ಬರೆಯುತ್ತಾಳೆ, ಅವನು ಚಿತ್ರ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ನಿನ್ನ ಅಣ್ಣನ ಹೆಸರು ಕೆಟ್ಟದ್ದು ಸದ್ದಿಲ್ಲದೆಯೇನಲ್ಲ. ಜೂನ್ ೨೨ಕ್ಕೆ ಕೋಣೆಯ ಉದ್ಘಾಟನೆ. ಹ್ಯಾಲರ್ಟನ್ ತಾನೇ ಬರುತ್ತಾನೆ, ಅವನ ಹಳೆಯ ಆಸ್ಪತ್ರೆಯವರು ಬರುತ್ತಾರೆ, ಪೇಪರಿನವರು ಬರುತ್ತಾರೆ. ಚಿತ್ರದ ಚರಿತ್ರೆ ಹೇಳಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ.

ಹತ್ತು ನಿಮಿಷ ಸಾಕು.

ನಿನ್ನ ವೈನಿ,
ವತ್ಸಲಾ

ಗ್ರೀನ್‌ಫರ್ಡ್
೩೦ ಜೂನ್ ೨೦೨೪

ಪ್ರೀತಿಯ ವಿಜಯಾ,

ಉದ್ಘಾಟನೆಯ ದಿನವೇ ಫೋನ್ ಮಾಡುತ್ತೇನೆ ಎಂದವಳು ಎಂಟು ದಿನ ಸುಮ್ಮನಿದ್ದೆ. ನೀನು ಬೃಂದಾಳಿಗೆ ಐದು ಸಲ ಮೆಸೇಜ್ ಮಾಡಿದೆಯಂತೆ. ಕ್ಷಮಿಸು. ಮಾರ್ಚಿನ ಕಾಗದ ತಲುಪಿದ ದಿನ ನೀನು ಫೋನಿನಲ್ಲಿ, “ಬಿಡಬ್ಯಾಡ್ರಿ ವೈನಿ ಅವನ್ನ. ಅಣ್ಣಾನ ಮಾರಿ ನೆನಪ ಮಾಡಿಕೊಂಡು ಹೇಳ್ರಿ, ಮಂದಿ ಮುಂದ ಹೇಳ್ರಿ” ಎಂದಿದ್ದೆ. ಹಾಗೇ ಮಾಡಿದೆ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಉದ್ಘಾಟನೆಗೆ ಎರಡು ವಾರ ಮೊದಲು ಪ್ರಾಚಿ ಕೇಳಿದಳು, “ಆಂಟಿ, ಫೈಲ್ ರೆಡಿನಾ? ನಾನು ಒಂದ್ಸಲ ನೋಡ್ಲಾ?”

“ನೋಡೋದೇನಿದೆ, ಎಲ್ಲಾ ಸರಿಯಾಗಿದೆ” ಎಂದೆ.

“ಐ ಟ್ರಸ್ಟ್ ಯೂ, ಆಂಟಿ” ಎಂದು ನನ್ನ ಭುಜ ಒತ್ತಿ ಹೋದಳು. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲಾ ಸರಿಯಾಗಿಯೇ ಇತ್ತು.

ಅಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ, ಒಳ್ಳೆಯ ಬಿಸಿಲು. ನಾನು ಕಪ್ಪು ಇಳಕಲ್ ಸೀರೆ ಉಟ್ಟಿದ್ದೆ. ಐವತ್ತು ಅರವತ್ತು ಜನ. ಹ್ಯಾಲರ್ಟನ್‌ನನ್ನು ಅವನ ಮಗಳು ಗಾಲಿಕುರ್ಚಿಯಲ್ಲಿ ತಂದಳು. ಎಂಬತ್ತಾರು ವರ್ಷ, ಮೈ ಒಣಗಿದೆ, ಕತ್ತು ಮಾತ್ರ ಇನ್ನೂ ನೆಟ್ಟಗೆ. ಆ ಕತ್ತನ್ನು ನೋಡಿದೊಡನೆ ನನಗೆ ಉಳಿದಿದ್ದ ಅಷ್ಟಿಷ್ಟು ಅಳುಕೂ ಹೋಯಿತು. ಅವನು ಕೈಯಲ್ಲಿ ಮೈಕು ಹಿಡಿದು, ‘ಈ ಹಿರಿಯರ ನೆರಳಿನಲ್ಲಿ ನಾವು ಆರು ತಲೆಮಾರು ರೋಗಿಗಳ ಸೇವೆ ಮಾಡಿದೆವು’ ಎಂದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಪ್ರಾಚಿ ನನ್ನ ಹೆಸರು ಹೇಳಿದಳು.

ನಾನು ದನಿ ಎತ್ತಲಿಲ್ಲ, ವಿಜಯಾ. ನಿನ್ನ ಅಣ್ಣ ಆಪರೇಷನ್ ಮಾಡುವಾಗ ಮೆಲ್ಲಗೆ ಮಾತಾಡುತ್ತಿದ್ದರಂತೆ, ಹಾಗೆ ಮಾತಾಡಿದೆ. ‘ಈ ಚಿತ್ರದಲ್ಲಿರುವವರು ಒಬ್ಬ ಶ್ರಮಜೀವಿ, ಊರಿಗೆ ಬೇಕಾದವರು. ಆದರೆ ವೈದ್ಯರಲ್ಲ’ ಎಂದು ಶುರುಮಾಡಿದೆ. ಒಬ್ಬರು ನಕ್ಕರು, ತಮಾಷೆ ಎಂದುಕೊಂಡು. ಕ್ಯಾಟಲಾಗಿನ ಪುಟವನ್ನು ಪರದೆಯ ಮೇಲೆ ತೋರಿಸಿದೆ. ಪೆಲ್‌ನ ಉಯಿಲು ಓದಿದೆ. ಪೆನ್ಸಿಲ್ಲಿನಲ್ಲಿ ಬರೆದ ಹೆಸರು ತೋರಿಸಿದೆ. ಅಷ್ಟು ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲೆ ಮಾಡಿ, ಮ್ಯೂಸಿಯಂನ ನೇರಳಾತೀತ ದೀಪವನ್ನು ಚಿತ್ರದ ಮೇಲೆ ಹಿಡಿದೆ. ಇನ್ನೂರೈವತ್ತು ವರ್ಷದ ವಾರ್ನಿಷ್ ಹಸಿರು ಹಸಿರಾಗಿ ಹೊಳೆಯಿತು. ಅದರ ಮೇಲೆ ‘ಡಾ. ಆಂಬ್ರೋಸ್ ಹ್ಯಾಲರ್ಟನ್’ ಎಂಬ ಅಕ್ಷರಗಳು ಮಾತ್ರ ಕಪ್ಪಗೆ, ನೊಣ ಕೂತ ಹಾಗೆ ನಿಂತವು. ‘ಈ ಅಕ್ಷರಗಳು ವಾರ್ನಿಷ್ ಒಣಗಿ ಎಷ್ಟೋ ಕಾಲವಾದ ಮೇಲೆ ಬರೆದದ್ದು. ಡಾ. ಆಂಬ್ರೋಸ್ ಎಂಬುವರು ಯಾವ ದಾಖಲೆಯಲ್ಲೂ ಹುಟ್ಟಿಲ್ಲ, ಸತ್ತಿಲ್ಲ’ ಎಂದೆ. ಕೊಡೆ ಅಂಗಡಿಯ ಫೋಟೊ ತೋರಿಸಿ ಮುಗಿಸಿದೆ.

ಪರದೆ ಸರಿಸಿದಾಗ ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವನ ಮಗಳು ಎದ್ದು ನಿಂತು, “ಎಂಥ ಕ್ರೌರ್ಯ ಇದು! ವಯಸ್ಸಾದವರಿಗೆ ಹೀಗೆ ಮಾಡುತ್ತಾರಾ?” ಎಂದಳು. ಹಿಂದಿನ ಸಾಲಿನಿಂದ ಅವನ ಆಸ್ಪತ್ರೆಯ ಒಬ್ಬ ಮುದುಕ, ‘ಮೂತ್ರ ಪರೀಕ್ಷೆ’ ಎಂದು ಮೆಲ್ಲಗೆ ಹೇಳಿ ಕೆಮ್ಮಿದ. ಅಷ್ಟೇ ಸಾಕಾಯಿತು. ಅಲ್ಲೊಂದು ಇಲ್ಲೊಂದು ನಗೆ ತಡೆಯಲಾಗದೆ ಹೊರಬಂತು. ಆ ನಗೆ ಹ್ಯಾಲರ್ಟನ್‌ನ ಮುಖಕ್ಕೆ ತಾಗುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಮೂವತ್ತಮೂರು ವರ್ಷ ಕಾದಿದ್ದೆ, ಒಂದು ಹನಿಯೂ ಚೆಲ್ಲಿ ಹೋಗಬಾರದಲ್ಲ. ಅವನ ಕತ್ತು ಬಾಗಿತು. ಅದನ್ನು ನಿನಗಾಗಿಯೇ ನೋಡಿದೆ ಎಂದು ತಿಳಿ.

ಜನ ಚದುರಿದರು. ಯಾರೂ ಸ್ಯಾಂಡ್‌ವಿಚ್ ಮುಟ್ಟಲಿಲ್ಲ. ಮಗಳು ಕಾರು ತರಲು ಹೋದಾಗ ಅವನು ಬಾಗಿಲ ಬಳಿ ಒಬ್ಬನೇ ಇದ್ದ. ನಾನು ಹೋಗಿ ಮುಂದೆ ನಿಂತೆ.

“ನಿಮಗೆ ನನ್ನ ಮೇಲೆ ಏನು ಸಿಟ್ಟು?” ಎಂದ. ದನಿ ತೀರಾ ಸಣ್ಣದು.

“ನಾನು ಮಾಧವ ಹಳ್ಯಾಳರ ಹೆಂಡತಿ.”

ನೆನಪಿಲ್ಲ ಎನ್ನುತ್ತಾನೆ ಎಂದುಕೊಂಡಿದ್ದೆ. ಹಾಗೆಂದರೆ ಹೇಳಬೇಕಾದ ಮಾತು ಕೂಡ ಸಿದ್ಧವಾಗಿತ್ತು. 

“ಮ್ಯಾಡಿ” ಎಂದ, ಆಸ್ಪತ್ರೆಯಲ್ಲಿ ಇವರಿಗಿದ್ದ ಹೆಸರು. “ನಾನು ಕಂಡ ಕೈಗಳಲ್ಲೇ ಒಳ್ಳೆಯ ಕೈ. ನಾನು ಸುಳ್ಳು ಹೇಳಿದ್ದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಸಹಿ ಮಾಡುವುದಿಲ್ಲ, ನಾನು ಮುಗಿದೆ ಎಂದು ಎರಡು ವಾರ ಅನ್ನ ಸೇರಿರಲಿಲ್ಲ. ಮಾಡಿಬಿಟ್ಟ. ಯಾಕೆ ಮಾಡಿದ?”

ನಾನು ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟೆ. ಮಗಳು ಬಂದು ಕುರ್ಚಿ ತಿರುಗಿಸಿಕೊಂಡು ಹೋದಳು.

ಮುಂದಿನದು ಬೇಗ ಹೇಳುತ್ತೇನೆ. ಪೇಪರಿನಲ್ಲಿ ಬಂತು: ‘ರಾಜವೈದ್ಯನಲ್ಲ, ವಿನೆಗರ್ ವ್ಯಾಪಾರಿ’. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಕೋಣೆಗೆ ಅವನ ಹೆಸರಿಲ್ಲ. ಚಿತ್ರವನ್ನು ಅವರು ವಾಪಸ್ ಕೇಳಲಿಲ್ಲ. ಮಗಳು, ‘ಅದು ನಮ್ಮ ಮನೆಗೆ ಬೇಡ’ ಎಂದು ಬರೆದಿದ್ದಾಳೆ. ಥಾಮಸ್ ಪೆಲ್ ಈಗ ತನ್ನ ಹೆಸರಿನಲ್ಲೇ ಗೋಡೆಯ ಮೇಲಿದ್ದಾನೆ. ಹಣ ಮಾತ್ರ ಹಿಂದಕ್ಕೆ ಹೋಯಿತು. ಅದರ ಜೊತೆ, ಆ ಹಣದ ಮೇಲೆಯೇ ಮುಂದುವರಿಯಬೇಕಿದ್ದ ಪ್ರಾಚಿಯ ಕೆಲಸವೂ. ಸೆಪ್ಟೆಂಬರಿನವರೆಗೆ ಅಷ್ಟೇ ಎಂದು ಕೌನ್ಸಿಲ್ ಪತ್ರ ಕೊಟ್ಟಿದೆ. ಅವಳು ನನ್ನ ಹತ್ತಿರ ಬಂದು, ಮೊದಲ ಸಲ ಪೂರ್ತಿ ಕನ್ನಡದಲ್ಲಿ ಮಾತಾಡಿದಳು. “ನನಗೆ ಮೊದಲೇ ಹೇಳಬಹುದಿತ್ತಲ್ವಾ ಆಂಟಿ. ನಾನು ನಿಮ್ಮನ್ನ ತಡೀತಿರಲಿಲ್ಲ.”  ಬೃಂದಾ ಕೇಳಿದ್ದು ಒಂದೇ ಮಾತು, “ಅಮ್ಮಾ, ಆರ್ ಯೂ ಹ್ಯಾಪಿ ನೌ?” ಹೌದು ಎಂದೆ. ಮೂರು ದಿನ ನಿಜವಾಗಿಯೂ ಸಂತೋಷವಾಗಿದ್ದೆ. ಹಾಡು ಹೇಳಿಕೊಂಡು ಅಡಿಗೆ ಮಾಡಿದೆ. ನಾಲ್ಕನೆಯ ದಿನದಿಂದ ಆ ಮುದುಕನ ಪ್ರಶ್ನೆ ಶುರುವಾಯಿತು.

ಮಳೆಗಾಲ, ನೀನೂ ಮೊಣಕಾಲು ಜೋಪಾನ ಮಾಡಿಕೋ. ಮೊಮ್ಮಕ್ಕಳಿಗೆ ನನ್ನ ಮುದ್ದು. ನಿನ್ನ ಮನೆ ತುಂಬಿರಲಿ, ನಿನ್ನ ಯಜಮಾನರಿಗೆ ಆಯುಷ್ಯ ಆರೋಗ್ಯ ಸಿಗಲಿ. ಇಷ್ಟು ವರ್ಷ ನನ್ನನ್ನು ಸ್ವಂತ ಅಕ್ಕನ ಹಾಗೆ ನಡೆಸಿಕೊಂಡಿದ್ದೀ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ವೈನಿ,
ವತ್ಸಲಾ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಅಣ್ಣ ಸಹಿ ಮಾಡಲು ಒಪ್ಪಿರಲಿಲ್ಲ. ಅದೊಂದು ಭಾನುವಾರ ಬೆಳಿಗ್ಗೆ, ಇದೇ ಅಡಿಗೆಮನೆ. “ವತ್ಸಲಾ, ನಾ ಸಹಿ ಮಾಡಂಗಿಲ್ಲ. ಊರಿಗೆ ಹೋಗಿಬಿಡೋಣು ನಡಿ. ಧಾರವಾಡದಾಗ ಸಣ್ಣದೊಂದು ದವಾಖಾನಿ ಹಾಕ್ತೀನಿ, ವಿಜಯಾ ಇದ್ದಾಳ, ಅವ್ವ ಇದ್ದಾಳ” ಎಂದರು. ವಾರ್ಡಿನ ಐರಿಷ್ ನರ್ಸ್ ಒಬ್ಬಳು ಆಪರೇಷನ್ನಿನ ದಿನ ಹ್ಯಾಲರ್ಟನ್‌ಗೆ ಫೋನ್ ಮಾಡಿದ ಮೂರು ವೇಳೆಯನ್ನೂ, ಅವನು ಕೊಟ್ಟ ಉತ್ತರವನ್ನೂ ಒಂದು ಹಾಳೆಯಲ್ಲಿ ಬರೆದು, ಕೆಳಗೆ ತನ್ನ ಹೆಸರು ಹಾಕಿ ಇವರಿಗೆ ಕೊಟ್ಟಿದ್ದಳು. ಅದನ್ನು ಇಟ್ಟುಕೊಂಡು ಹೋರಾಡುತ್ತೇನೆ, ಸೋತರೆ ಊರು ಇದ್ದೇ ಇದೆ ಎಂದರು. ನಾನು ಬರಲಾರೆ ಎಂದೆ. “ಊರಾಗ ಏನಂತ ಹೇಳೂದು? ಕೆಲಸದಿಂದ ತಗದಾರ ಅಂತ ಹೇಳೂದ? ಬೃಂದಾನ ಸಾಲಿ ಈಗಷ್ಟ ಸುರು ಆಗ್ಯದ. ಸಹಿ ಮಾಡಿಬಿಡ್ರಿ, ಎಲ್ಲಾ ತಣ್ಣಗಾಗ್ತದ” ಎಂದೆ. ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟೆ. ಐದನೆಯ ದಿನ ಸಹಿ ಮಾಡಿದರು. ನರ್ಸ್ ಕೊಟ್ಟ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ತಗದಿಡು” ಎಂದರು. ಮತ್ತೆ ಮನಸ್ಸು ತಿರುಗಿಸಿಯಾರು ಎಂದು ಹೆದರಿ, ಅವರು ಸ್ನಾನಕ್ಕೆ ಹೋದಾಗ ಚೂರು ಚೂರು ಹರಿದು ಹಾಕಿದೆ. ಹ್ಯಾಲರ್ಟನ್‌ಗೆ ನಾನು ಕೊಡದ ಉತ್ತರ ಇದು. ಸಾಯುವ ವರ್ಷ ಒಮ್ಮೆ, ಊಟ ಮಾಡುತ್ತಾ, ನಿನ್ನ ಅಣ್ಣ ಕೇಳಿದರು, “ವತ್ಸಲಾ, ಆ ಹಾಳಿ ಅದ ಏನು?” ಇಲ್ಲ ಎಂದೆ. ತಟ್ಟೆಯಿಂದ ತಲೆ ಎತ್ತದೆ, “ಇರ್ಲಿ ಬಿಡು” ಎಂದರು. ಆಮೇಲೆ ಕೇಳಲಿಲ್ಲ.